ಅವರ ಗುಂಡು ಮೇಲೆ, ನಮ್ಮ ಗುಂಡು ಕೆಳಗೆ

ಮೊನ್ನೆ ಮೊಮ್ಮಗಳಿಗೆ ಫ್ರಾಕು ಕೊಳ್ಳಲು ಬೈಲಹೊಂಗಲದ ಪೇಟೆಗೆ ಹೋಗಿದ್ದೆ. ಬಟ್ಟೆ ಅಂಗಡಿಯವರು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಮೀನಿನ ಗಾಜಿನ ಪೆಟ್ಟಿಗೆ ಇಟ್ಟಿದ್ದರು. ಅದರ ನೀರು ಬುಳುಬುಳು ಅನ್ನುತ್ತಿತ್ತು. ಆ ಸಪ್ಪಳ ಕಿವಿಗೆ ಬಿದ್ದದ್ದೇ ತಡ, ಫ್ರಾಕು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಹಿಂದೆ ದವಾಖಾನೆಯಲ್ಲಿ ಕಂಡ ಕಟಕೋಳದಾಕೆ ನೆನಪಾದಳು... ಅವಳ ಹಿಂದೆಯೇ ನನ್ನ ಹೊಟ್ಟೆಕಿಚ್ಚೂ ಎದ್ದು ಬಂತು.

ನಮ್ಮ ಯಜಮಾನರು ಬೀಡಿ ಸೇದಿ ಸೇದಿ ದಮ್ಮು ಹಚ್ಚಿಕೊಂಡವರು. ಎಷ್ಟೋ ವರ್ಷದ ಹಿಂದೆ ಒಮ್ಮೆ ಚಳಿ ಶುರುವಾಗುತ್ತಿದ್ದಂತೆ ಉಸಿರು ಸಿಗದೆ ಒದ್ದಾಡತೊಡಗಿದರು. ನಮ್ಮೂರು ದೊಡವಾಡದಿಂದ ಟಂಟಂ ರಿಕ್ಷಾ ಮಾಡಿಕೊಂಡು ಬೈಲಹೊಂಗಲದ ಒಂದು ದವಾಖಾನೆಗೆ ತಂದು ಹಾಕಿದೆವು. ಮೂಗಿಗೆ ಸಣ್ಣ ನಳಿಗೆ ಸಿಕ್ಕಿಸಿ ಆಕ್ಸಿಜನ್ ಹಚ್ಚಿದರು. ಗೋಡೆಯ ಮೇಲೆ ಗಾಜಿನ ಕೊಳವೆ, ಅದರೊಳಗೆ ಒಂದು ಪುಟ್ಟ ಗುಂಡು, ಕೆಳಗೆ ಬುಳುಬುಳು ಅನ್ನುವ ನೀರಿನ ಬಾಟಲಿ. ಗಾಳಿ ಎಷ್ಟು ಬಿಟ್ಟಿದ್ದಾರೋ ಗುಂಡು ಅಷ್ಟು ಎತ್ತರಕ್ಕೆ ಏರುತ್ತಿತ್ತು. ನಮ್ಮದು ತಳದಲ್ಲೇ ಕುಂತಿತ್ತು.

ಪಕ್ಕದ ಹಾಸಿಗೆಯಲ್ಲಿ ಕಟಕೋಳದವನೊಬ್ಬ ಇದ್ದ. ಟೆಂಪೊ ಓಡಿಸುವವನು, ನ್ಯುಮೋನಿಯಾ ಆಗಿತ್ತು. ಅವನಿಗೆ ಮುಖದ ತುಂಬ ಮಾಸ್ಕು, ಮಾಸ್ಕಿಗೆ ಒಂದು ಚೀಲ, ಗುಂಡು ಕೊಳವೆಯ ತುದಿಯಲ್ಲಿ. ಅದನ್ನು ನೋಡಿದ ಕ್ಷಣದಿಂದ ನನಗೆ ಸಮಾಧಾನ ಹೋಯಿತು. ಅವರಿಗೆ ಇಷ್ಟು, ನಮಗೆ ಇಷ್ಟೇ ಯಾಕೆ? ಯಾರ ವಶೀಲಿ ಹಚ್ಚಿದ್ದಾರೋ ಏನೋ ಅಂದುಕೊಂಡೆ. ಡಾಕ್ಟರನ್ನು ಕೇಳಿಯೂ ಕೇಳಿದೆ. ಇವರ ಎದೆ ಹಳೆಯ ದಮ್ಮಿಗೆ ಒಗ್ಗಿಹೋಗಿದೆ, ಇವರಿಗೆ ಅಳತೆಯಲ್ಲೇ ಕೊಡಬೇಕು, ಹೆಚ್ಚಾದರೆ ಕೆಡುತ್ತದೆ ಎಂದು ಅವರು ತಾಳ್ಮೆಯಿಂದ ಹೇಳಿದರು. ನನ್ನ ತಲೆಗೆ ಹೋಗಲಿಲ್ಲ. ಗಾಳಿ ಹೆಚ್ಚಾಗಿ ಕೆಟ್ಟವರನ್ನು ನಾನು ಕಂಡಿರಲಿಲ್ಲ.

ಇನ್ನೊಂದು ಸಂಕಟವೆಂದರೆ ಆ ಕಟಕೋಳದಾಕೆಯ ಕಣ್ಣು. ಗಂಡನ ಕಾಲು ಒತ್ತುತ್ತ ಕೂತವಳು ಮೇಲಿಂದ ಮೇಲೆ ನಮ್ಮ ಕಡೆ ನೋಡುತ್ತಿದ್ದಳು. ನಮ್ಮವರ ಮುಖ ನೋಡುವುದು, ಗೋಡೆ ನೋಡುವುದು, ಮತ್ತೆ ಮುಖ. ಇದ್ದ ಇಷ್ಟು ಗಾಳಿಗೂ ದೃಷ್ಟಿ ಹಚ್ಚುತ್ತಾಳಲ್ಲ ಎಂದು ಮೈ ಉರಿದುಹೋಯಿತು. ಯಜಮಾನರ ಅಂಗಾಲಿಗೆ ಕಾಡಿಗೆ ಹಚ್ಚಿದೆ. ಅವಳು ಚಹಾ ಬೇಕೇನೆಂದು ಕೇಳಿದರೂ ಮುಖ ಕೊಟ್ಟು ಮಾತಾಡಲಿಲ್ಲ.

ಮರುದಿನ ನೇಸರಗಿಯಿಂದ ಮೈದುನ ಬಂದ. ಎರಡೂ ಗುಂಡುಗಳನ್ನು ನೋಡಿದ, ನನಗಿಂತ ಹೆಚ್ಚು ಸಿಟ್ಟಾದ. ಸಿಸ್ಟರ್ ಆಚೆ ಹೋದಾಗ ನಮ್ಮ ಕೊಳವೆಯ ತಿರುಪು ತಿರುವಿ ಗುಂಡು ಮೇಲಕ್ಕೇರಿಸಿದ. "ಚಿಂತಿ ಬಿಡ್ರಿ ವೈನಿ, ಇನ್ನ ಅಣ್ಣ ಆರಾಮ ಆಗ್ತಾನ" ಎಂದು ಹೇಳಿ ಬಸ್ಸಿಗೆ ಹೋದ. ನಿಜಕ್ಕೂ ಸ್ವಲ್ಪ ಹೊತ್ತಿಗೆ ಯಜಮಾನರ ಒದ್ದಾಟ ನಿಂತಿತು. ಕಣ್ಣು ಮುಚ್ಚಿದರು. ಎಷ್ಟು ದಿನದ ಮೇಲೆ ನಿದ್ದೆ ಹತ್ತಿತಲ್ಲ ಎಂದು ನನಗೆ ಹಾಲು ಕುಡಿದಷ್ಟು ಸಂತೋಷ. ನೆಮ್ಮದಿಯಿಂದ ಡಬ್ಬಿ ತೊಳೆಯಲು ಹೋದೆ.

ತಿರುಗಿ ಬಂದರೆ ಕಟಕೋಳದಾಕೆ ನಮ್ಮವರ ಭುಜ ಹಿಡಿದು ಅಲುಗಾಡಿಸುತ್ತಿದ್ದಾಳೆ! ಡಬ್ಬಿ ಕುಕ್ಕಿ, ಯಾರದೋ ಗಂಡನ ನಿದ್ದೆ ಕೆಡಿಸಲು ನೀನು ಯಾರು ಎಂದು ಜಗಳಕ್ಕೇ ನಿಂತೆ. ಅವಳು ಕೈ ತೆಗೆಯಲಿಲ್ಲ.

"ಇದು ನಿದ್ದಿ ಅಲ್ಲರಿ ಅಕ್ಕಾರ, ಎಷ್ಟ ಎಬ್ಬಿಸಿದ್ರೂ ಏಳವಲ್ರು. ಮೊದಲ ಸಿಸ್ಟರ್‌ನ ಕರೀರಿ."

ಸಿಸ್ಟರ್ ಓಡಿ ಬಂದರು, ಡಾಕ್ಟರೂ ಬಂದರು. ಗಾಳಿಯನ್ನು ಮತ್ತೆ ಅಳತೆಗೆ ತಂದರು, ರಕ್ತ ತೆಗೆದು ನೋಡಿದರು, ಉಸಿರಿಗೆ ಒತ್ತು ಕೊಡುವ ಮಷಿನ್ ತಂದು ಹಚ್ಚಿದರು. ಹೆಚ್ಚಾದ ಗಾಳಿಯಿಂದ ಒಳಗಿನ ಕೆಟ್ಟ ಗಾಳಿ ಏರಿ ಮಂಪರು ಹತ್ತಿದೆ, ಇನ್ನೂ ಸ್ವಲ್ಪ ಹೊತ್ತು ಬಿಟ್ಟಿದ್ದರೆ ಕಷ್ಟವಿತ್ತು ಎಂದರು. ಸಂಜೆ ಯಜಮಾನರು ಕಣ್ಣು ಬಿಟ್ಟು, ಚಹಾ ಎಲ್ಲಿ ಎಂದು ಸನ್ನೆ ಮಾಡಿದ ಮೇಲೆಯೇ ನನಗೆ ಜೀವ ಬಂದದ್ದು.

ಆಮೇಲೆ ಅವಳ ಹತ್ತಿರ ಹೋಗಿ, ನಿಮಗೆ ಹೇಗೆ ತಿಳಿಯಿತು ಎಂದು ಕೇಳಿದೆ. ಸೆರಗಿನ ತುದಿ ಸುತ್ತುತ್ತ ಕೂತಿದ್ದಳು.

"ನಿಮ್ಮ ಗುಂಡು ನೋಡಿ ನೋಡಿ ನನ್ನ ಹೊಟ್ಟಿ ಉರೀತಿತ್ತರಿ. ನಮ್ಮವರದು ಅಷ್ಟ ಕೆಳಗ ಇಳದ್ರ ಮನಿಗೆ ಕಳಸೂ ವಿಚಾರ ಮಾಡೂಣು ಅಂದಾರ ಡಾಕ್ಟರು. ಇವತ್ತ ನಿಮ್ಮದು ಏಕದಂ ಮ್ಯಾಲ ಕಂಡ್ತು. ಅದಕ್ಕ ಎದ್ದು ಬಂದ್ನಿ."

ನಾನು ಅವಳ ಮೇಲೆ ಉರಿದರೆ, ಅವಳು ನನ್ನ ಮೇಲೆ! ಅವಳ ಹೊಟ್ಟೆಕಿಚ್ಚು ಅಷ್ಟು ಚುರುಕಾಗಿರದಿದ್ದರೆ ಅವತ್ತು ನನ್ನ ಕುಂಕುಮ ಉಳಿಯುತ್ತಿರಲಿಲ್ಲ. ಅಲ್ಲಿಂದ ಮುಂದೆ ನನ್ನ ಡಬ್ಬಿಯ ರೊಟ್ಟಿಯಲ್ಲಿ ಅವಳಿಗೂ ಪಾಲು ಇರುತ್ತಿತ್ತು.

ಅವಳ ಗಂಡನ ಗುಂಡು ಮಾತ್ರ ಇಳಿಯಲಿಲ್ಲ... ಕೊನೆಯ ದಿನ ಮಧ್ಯಾಹ್ನ ಅವನು ಮಾಸ್ಕನ್ನು ಕೆಳಗೆ ಸರಿಸಿದ. ಅವಳು ಗಾಬರಿಯಾಗಿ ಅದನ್ನು ಮೇಲೆತ್ತಲು ಹೋದರೆ ಕೈ ಹಿಡಿದುಕೊಂಡ. ಅವಳು ಬಗ್ಗಿ ಕಿವಿ ಕೊಟ್ಟಳು. ಏನೋ ಹೇಳಿದ, ನಾಲ್ಕೇ ಮಾತು ಇದ್ದಿರಬೇಕು. ಅಂಥ ಹೊತ್ತಿನಲ್ಲೂ ಅವಳು ನಕ್ಕಳು, ಹೊಸ ಮದುಮಗಳು ನಕ್ಕಂತೆ ನಕ್ಕಳು. ಆಮೇಲೆ ಮಾಸ್ಕು ಏರಿಸಿ, ದಾರ ಬಿಗಿಮಾಡಿ, ಅವನ ಹಣೆ ಒರೆಸಿದಳು. ಬೆಳಗಾಗುವಷ್ಟರಲ್ಲಿ ಆ ಹಾಸಿಗೆ ಖಾಲಿಯಾಗಿತ್ತು.

ಅವನು ಏನು ಹೇಳಿದ ಎಂದು ನಾನು ಕೇಳಲಿಲ್ಲ. ಅಂಥದ್ದನ್ನು ಹೇಗೆ ಕೇಳುವುದು?

ನಮ್ಮವರು ಗುಣವಾಗಿ ಮನೆಗೆ ಬಂದು ಎಷ್ಟೋ ವರ್ಷ ಇದ್ದರು. ಉಸಿರು ಇತ್ತು, ಮಾತೂ ಇತ್ತು. ಪಲ್ಯಕ್ಕೆ ಉಪ್ಪು ಕಡಿಮೆ ಅಂದರು, ಚಹಾ ಆರಿದೆ ಅಂದರು, ಊರಿನವರ ಮುಂದೆ ಗಂಟೆಗಟ್ಟಲೆ ಮಳೆ ಬೆಳೆ ಮಾತಾಡಿದರು. ಹೋದ ವರ್ಷ ತೀರಿಕೊಂಡರು. ಆ ದಿನ ನಾನೂ ಬಗ್ಗಿ ಬಾಯಿಯ ಹತ್ತಿರ ಕಿವಿ ಇಟ್ಟು ಬಹಳ ಹೊತ್ತು ಕೂತಿದ್ದೆ. ಅವರು ಏನೂ ಹೇಳಲಿಲ್ಲ.

ಕಟಕೋಳದಾಕೆ ಈಗ ಇದ್ದಾಳೋ ಇಲ್ಲವೋ ಗೊತ್ತಿಲ್ಲ. ನನಗೆ ಗಂಡನನ್ನು ಉಳಿಸಿಕೊಟ್ಟವಳು, ಎಲ್ಲಿದ್ದರೂ ತಣ್ಣಗಿರಲಿ. ಆದರೆ ಆ ನಗು ನೆನಪಾದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.