ನಸೀಮಾ ಹೇಳದೆ ಉಳಿದ ಆಲೆಮನೆ

ನಮ್ಮ ಅಡುಗೆಮನೆಯ ಕಟ್ಟೆ ಒಂದು ಕಡೆಗೆ ಇಳಿಜಾರು. ಮಿಕ್ಸಿ ಹಾಕಿದರೆ ಅದು ಕುಣಿಯುತ್ತಾ ಅಂಚಿಗೆ ಬಂದುಬಿಡುತ್ತದೆ. ಅದಕ್ಕೇ ಅಮ್ಮ ಅದರ ಕಾಲಡಿಗೆ ಎಷ್ಟೋ ವರ್ಷದಿಂದ ಒಂದು ದಪ್ಪ ಪುಸ್ತಕ ಕೊಟ್ಟಿದ್ದಾಳೆ. ಕಳೆದ ವಾರ ಚಟ್ನಿ ಚೆಲ್ಲಿತೆಂದು ಅದನ್ನು ಎಳೆದು ಒರೆಸುವಾಗ ನೋಡಿದೆ, ಸ್ಪ್ಯಾನಿಷ್ ನಿಘಂಟು! ಮೊದಲ ಪುಟದಲ್ಲಿ ನೀಲಿ ಶಾಯಿಯಲ್ಲಿ ‘ನಸೀಮಾ, ಮದ್ದೂರು’ ಎಂದಿತ್ತು. ಹನ್ನೆರಡನೆಯ ಕ್ಲಾಸಿನಲ್ಲಿ ಎರಡು ದಿನಕ್ಕೆಂದು ಇಸಿದುಕೊಂಡಿದ್ದೆ. ಏಳು ವರ್ಷವಾಗಿತ್ತು.

ಮಂಡ್ಯದ ಹುಡುಗಿಯರಿಗೆ ಸ್ಪ್ಯಾನಿಷ್ ಯಾಕಮ್ಮಾ ಎಂದು ನೀವು ಕೇಳಬಹುದು. ನಮ್ಮ ಊರೆಲ್ಲಾ ಕೇಳಿತ್ತು. ಹೆದ್ದಾರಿಯ ಪಕ್ಕ ಹೊಸದಾಗಿ ಒಂದು ಸ್ಕೂಲು ಆಗಿತ್ತು, ವಿದೇಶದ ಸಿಲಬಸ್ಸು. ಅಲ್ಲಿ ಕೊನೆಯ ಎರಡು ವರ್ಷ ಒಂದು ಪರಭಾಷೆಯನ್ನು ಆಳವಾಗಿ ಓದಬೇಕಿತ್ತು. ಫ್ರೆಂಚ್ ಕ್ಲಾಸು ತುಂಬಿಹೋಗಿತ್ತು, ಉಳಿದದ್ದು ಸ್ಪ್ಯಾನಿಷ್. ಐದು ಜನ ಸೇರಿದೆವು, ಕ್ರಿಯಾಪದಗಳ ಪಟ್ಟಿ ಶುರುವಾದ ಮೇಲೆ ಮೂವರು ಓಡಿಹೋದರು. ಆ ಭಾಷೆಯಲ್ಲಿ ಹಕಾರ ಬರೆಯುತ್ತಾರೆ, ಆದರೆ ಬಾಯಲ್ಲಿ ಹೇಳುವುದಿಲ್ಲ ಎಂದು ಮೇಡಂ ಕಲಿಸಿದ ದಿನ ಮನೆಗೆ ಬಂದು ತಾತನಿಗೆ ಹೇಳಿದೆ. ತಾತ ಎಲೆಅಡಿಕೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ತಳ್ಳಿ, “ಅಂಗಾರೆ ನಮ್ಮೋರೇ ಬುಡು,” ಎಂದ.

ಉಳಿದ ಇಬ್ಬರಲ್ಲಿ ಒಬ್ಬಳು ನಾನು, ಇನ್ನೊಬ್ಬಳು ನಸೀಮಾ. ಅವಳಪ್ಪ ಕಾಸಿಮಣ್ಣ ಮದ್ದೂರಿನ ಮೆಕ್ಯಾನಿಕ್ಕು. ನಮ್ಮ ಸುತ್ತಿನ ಆಲೆಮನೆಗಳ ಕಬ್ಬಿನ ಗಾಣ ಕೆಟ್ಟರೆ ಅವರೇ ಬರಬೇಕು. ಮಗಳು ಸ್ಕಾಲರ್‌ಶಿಪ್ಪಿನಲ್ಲಿ ಸೇರಿದ್ದಳು. ನಾನೋ, ಒಂದನೇ ಕ್ಲಾಸಿನಿಂದ ಎಲ್ಲದರಲ್ಲೂ ಮೊದಲನೆಯವಳು. ಮೊದಲನೆಯವಳಾಗಿರುವುದನ್ನು ಬಿಟ್ಟರೆ ನನಗೆ ಬೇರೆ ಹವ್ಯಾಸವೇ ಇರಲಿಲ್ಲ.

ಮಾತಿನಲ್ಲಿ ಅವಳೇ ಮುಂದೆ ಎಂದು ಮೊದಲ ತಿಂಗಳಲ್ಲೇ ಗೊತ್ತಾಯಿತು. ಗಂಟಲಿನಿಂದ ಉಜ್ಜಿ ತೆಗೆಯಬೇಕಾದ ಒಂದು ಅಕ್ಷರಕ್ಕೆ ನಾನು ಕೆಮ್ಮಿ ಕೆಮ್ಮಿ ನೀರು ಕುಡಿಯುತ್ತಿದ್ದರೆ, ಅದು ಅವಳ ಮನೆಯ ಉರ್ದುವಿನಲ್ಲೇ ಇತ್ತು. ಅದಾದರೂ ಹೋಗಲಿ. ನಾನು ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿ, ತಿದ್ದಿ, ಆಮೇಲೆ ಬಾಯಿ ಬಿಡುತ್ತಿದ್ದೆ. ಅವಳು ತಪ್ಪೋ ಸರಿಯೋ ನಗುತ್ತಾ ಮಾತಾಡಿಬಿಡುತ್ತಿದ್ದಳು. ಮೇಡಂ ಅವಳ ತಪ್ಪಿಗೂ ನಗುತ್ತಿದ್ದರು, ನನ್ನ ಸರಿಗೆ ತಲೆಯಾಡಿಸುತ್ತಿದ್ದರು. ಬರವಣಿಗೆಯಲ್ಲಿ ನನಗೇ ಹೆಚ್ಚು ಮಾರ್ಕ್ಸು ಬರುತ್ತಿತ್ತು. ಆದರೂ ನನ್ನ ಹೊಟ್ಟೆ ಉರಿಯುತ್ತಿತ್ತು. ಅವಳಿಗೆ ಜ್ವರ ಬಂದು ಒಂದು ವಾರ ಬರದಿದ್ದಾಗ ನಾನು ಊಟ ಎರಡು ಸಲ ಬಡಿಸಿಕೊಂಡಿದ್ದೇನೆ. ನಾಚಿಕೆಯಾಗಬೇಕು, ಆಗುತ್ತದೆ, ಆದರೆ ಉಂಡದ್ದು ನಿಜ.

ಕೊನೆಯ ವರ್ಷ ಮೌಖಿಕ ಪರೀಕ್ಷೆ. ಸ್ಪ್ಯಾನಿಷ್ ಆಡುವ ಯಾವುದಾದರೂ ದೇಶಕ್ಕೂ ನಮ್ಮ ಊರಿಗೂ ಹೋಲಿಕೆ ಇರುವ ವಿಷಯ ಹಿಡಿದು ಮಾತಾಡಬೇಕು. ಮೇಡಂ ಅದನ್ನು ರೆಕಾರ್ಡು ಮಾಡಿ ಹೊರದೇಶಕ್ಕೆ ಕಳಿಸುತ್ತಾರೆ. ಇಬ್ಬರಲ್ಲಿ ಯಾರಿಗೆ ಮೇಲಿನ ದರ್ಜೆ ಬರುತ್ತದೋ ಅವರ ಹೆಸರನ್ನು ಬೆಂಗಳೂರಿನ ಒಂದು ಕಾಲೇಜಿಗೆ ಬರೆಯುತ್ತಾರೆ. ಸ್ಪ್ಯಾನಿಷ್ ಡಿಗ್ರಿ, ಹಾಸ್ಟೆಲ್ಲು, ಎಲ್ಲಾ ಉಚಿತ. ಆ ಸೀಟು ಸಿಗದಿದ್ದರೂ ನನಗೆ ನಷ್ಟವೇನೂ ಇರಲಿಲ್ಲ, ಅಪ್ಪ ಎಲ್ಲಿಗೆ ಬೇಕಾದರೂ ಸೇರಿಸುತ್ತಿದ್ದರು. ನಸೀಮಾಗೆ ಇದ್ದದ್ದು ಅದೊಂದೇ ದಾರಿ.

ಒಂದು ಸಂಜೆ ಬಸ್ಸಿನಲ್ಲಿ ಅವಳು ನನ್ನ ಕೈ ಹಿಡಿದುಕೊಂಡಳು. “ಕೊಲಂಬಿಯಾದಲ್ಲೂ ಬೆಲ್ಲ ಕಾಯಿಸ್ತಾರೆ ಕಣೆ! ನಮ್ ಥರಾನೇ ಗಾಣ, ಕೊಪ್ಪರಿಗೆ, ಎಲ್ಲಾ. ಅವರು ಪನೇಲಾ ಅಂತಾರೆ. ನಾನು ಅದನ್ನೇ ಏಳ್ತೀನಿ. ಹೊಳಲಲ್ಲಿ ನಿಮ್ಮ ಆಲೆಮನೆ ಐತಲ್ಲ, ಅದನ್ನ.”

ನಮ್ಮ ಆಲೆಮನೆ! ಕಾಸಿಮಣ್ಣ ಗಾಣ ರಿಪೇರಿ ಮಾಡುತ್ತಿದ್ದಾಗ ಅವಳು ಕೊಪ್ಪರಿಗೆಯ ಪಕ್ಕ ಕೂತು, ಪಾಕ ಕಾಯಿಸುವ ನಿಂಗಯ್ಯನ ಹತ್ತಿರ ಹರಟಿದ್ದಳು. ನಾನು ಅಲ್ಲಿಗೆ ಹೋಗುತ್ತಿದ್ದುದು ಕಡಿಮೆ. ಬಟ್ಟೆಗೆ ಹೊಗೆ ವಾಸನೆ ಹತ್ತುತ್ತಿತ್ತು. ಅವಳು ಗೆದ್ದೇಬಿಟ್ಟಳು ಅನ್ನಿಸಿತು, ಅದೂ ನಮ್ಮ ಮನೆಯ ಬೆಲ್ಲ ಇಟ್ಟುಕೊಂಡು.

“ಅಯ್ಯೋ, ಅದೆಲ್ಲ ಬ್ಯಾಡ ಕಣೆ,” ಎಂದೆ. “ಹೊಗೆ, ಬೂದಿ, ಇದನ್ನೆಲ್ಲ ಏಳಿದ್ರೆ ಆಡ್ಕೊಂಡು ನಗ್ತಾರೆ. ಪುಸ್ತಕದಲ್ಲಿ ಮ್ಯೂಸಿಯಂ ಪಾಠ ಐತಲ್ಲ, ಅದನ್ನ ಏಳು. ಮೈಸೂರು ಅರಮನೆಗೆ ಓಲಿಸು.”

ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. “ನಿಮ್ಮನೇದು ತಾನೆ. ನೀನು ಬ್ಯಾಡ ಅಂದ್ರೆ ಬುಡು,” ಎಂದಳು.

ಪರೀಕ್ಷೆಯ ದಿನ ನಾನು ಏನು ಮಾತಾಡಿದೆ ಎಂದು ನೀವು ಆಗಲೇ ಊಹಿಸಿರುತ್ತೀರಿ. ಕೊಲಂಬಿಯಾದ ಪನೇಲಾ, ಹೊಳಲಿನ ಬೆಲ್ಲ. ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಮೇಡಂ ಕಣ್ಣರಳಿಸಿ ಕೇಳಿದರು. ನಸೀಮಾ ಮ್ಯೂಸಿಯಂ ಪಾಠ ಒಪ್ಪಿಸಿ ಬಂದಳು. ಸದಾ ನಗುತ್ತಾ ಮಾತಾಡುವವಳು ಅವತ್ತು ನಗಲಿಲ್ಲವಂತೆ. ದರ್ಜೆ ನನಗೆ ಬಂತು, ಸೀಟೂ ಬಂತು. ನಮ್ಮನೆಯ ವಿಷಯ ನಾನು ಹೇಳಿದರೆ ಅದು ಕಳ್ಳತನ ಹೇಗಾಗುತ್ತದೆ ಎಂದು ನನಗೆ ನಾನೇ ವಕೀಲಿಕೆ ಮಾಡಿಕೊಂಡೆ. ಕಾಲೇಜಿನಲ್ಲಿ ಒಂದು ವರ್ಷ ಇದ್ದೆ. ಅಲ್ಲಿ ನನಗಿಂತ ಚೆನ್ನಾಗಿ ಮಾತಾಡುವವರು ಇಪ್ಪತ್ತು ಜನ ಇದ್ದರು. ತಡೆಯಲಾಗದೆ ಬಿಟ್ಟು ಬಂದೆ. ಈಗ ಮಳವಳ್ಳಿಯಲ್ಲಿ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ.

ಭಾನುವಾರ ನಿಘಂಟು ಹಿಡಿದು ಮದ್ದೂರಿಗೆ ಹೋದೆ. ಕಾಸಿಮಣ್ಣನ ವರ್ಕ್‌ಶಾಪು ದೊಡ್ಡದಾಗಿದೆ. ಬಿ.ಕಾಂ. ಮುಗಿಸಿದ ನಸೀಮಾ ಈಗ ಅದನ್ನು ನೋಡಿಕೊಳ್ಳುತ್ತಾಳೆ. ನಾನು ಹೋದಾಗ ಬಿಚ್ಚಿಟ್ಟ ಗಾಣದ ಮುಂದೆ ಕುಕ್ಕರಗಾಲಲ್ಲಿ ಕೂತು ಚಕ್ರದ ಹಲ್ಲು ಎಣಿಸುತ್ತಿದ್ದಳು. ಪಕ್ಕದಲ್ಲಿ ಮೊಬೈಲು, ಅದರಲ್ಲಿ ಯಾರೋ ಸ್ಪ್ಯಾನಿಷ್‌ನಲ್ಲಿ ಬಡಬಡ ಸುದ್ದಿ ಓದುತ್ತಿದ್ದರು. ನನಗೆ ಹತ್ತು ಮಾತಿನಲ್ಲಿ ಎರಡು ತಿಳಿಯಿತು. ಅವಳು ಯಾವುದೋ ಮಾತಿಗೆ ನಕ್ಕಳು. ನಿಂತಲ್ಲೇ ಹಳೆಯ ಉರಿ ಎದ್ದಿತು.

ಟೀ ತರಿಸಿದಳು. ನಿಘಂಟು ಕೊಟ್ಟೆ. ಸುತ್ತಿ ಬಳಸಿ ಕೊನೆಗೆ ಹೇಳಿಯೇಬಿಟ್ಟೆ. “ಅವತ್ತು ಬಸ್ಸಲ್ಲಿ ನಾನು ಬ್ಯಾಡ ಅಂದಿದ್ದು ಒಟ್ಟೆಕಿಚ್ಚಿಗೆ ಕಣೆ.”

“ಗೊತ್ತು,” ಎಂದಳು. “ಅವತ್ತೇ ಗೊತ್ತಿತ್ತು. ನಿಮ್ಮನೇದು, ನೀನೇ ಏಳ್ಕೊಳಾಕೆ ಆಸೆ ಅಂತ ಬುಟ್ಟೆ. ಆಮೇಲೆ ಸೀಟು ಓದಾಗ ಎರಡ್ ವರ್ಷ ನಿನ್ನ ಮಕ ನೋಡಬಾರ್ದು ಅನ್ನಿಸ್ತು.” ಟೀ ಗುಟುಕರಿಸಿದಳು. “ಅದಕ್ಕಿಂತ ಕ್ವಾಪ ಬಂದಿದ್ದು ಇನ್ನೊಂದಕ್ಕೆ. ನಾನು ಬಾಗ್ಲಾಚೆ ನಿಂತು ಕೇಳಿಸ್ಕಂಡೆ. ಪಾಕ ಕೆಂಪಗಾದ್ರೆ ಇಳಿಸ್ತಾರೆ ಅಂದ್ಯಲ್ಲ? ಬಣ್ಣ ನೋಡಿ ಯಾರಮ್ಮಿ ಇಳಿಸ್ತಾರೆ? ತಣ್ಣೀರಿಗೆ ಒಂದು ತೊಟ್ಟು ಬುಟ್ಟು, ಉಂಡೆ ಕಟ್ಟಿ, ತಟ್ಟೆಗೆ ಬಡಿದ್ರೆ ಸದ್ದು ಬರಬೇಕು. ನಿಂಗಯ್ಯ ನಿಮ್ಮನೇಲೇ ಮೂವತ್ತು ವರ್ಸ ಅದನ್ನ ಮಾಡವ್ನೆ.”

ಕದ್ದದ್ದೂ ಅರ್ಧಂಬರ್ಧ, ಅದೂ ನಮ್ಮ ಮನೆಯಲ್ಲೇ. ಹೊರದೇಶದವರಿಗೆ ಅದು ಗೊತ್ತಾಗಲಿಲ್ಲ, ಮಾರ್ಕ್ಸು ಹಾಕಿದರು.

“ನಸೀಮಾ, ಅವತ್ತು ಏಳಬೇಕಾಗಿದ್ದನ್ನ ಈಗ ಏಳು,” ಎಂದೆ.

“ಲೂಸಾ ನೀನು?” ಎಂದಳು. ಆದರೆ ಕೈಯ ಗ್ರೀಸು ಒರೆಸಿಕೊಂಡಳು, ಸ್ಟೂಲು ಎಳೆದು ನನ್ನೆದುರು ಕೂತಳು. ಶುರುಮಾಡಿದಳು. ಹಿಂದೆ ವೆಲ್ಡಿಂಗ್ ಸದ್ದು. ಕಬ್ಬು ಗಾಣಕ್ಕೆ ಹೋಯಿತು, ಅದರ ಹಾಲು ಕೊಪ್ಪರಿಗೆಗೆ ಬಿತ್ತು, ನಮ್ಮ ನಿಂಗಯ್ಯ ಸ್ಪ್ಯಾನಿಷ್‌ನಲ್ಲಿ ಬೈದ. ಎಲ್ಲೂ ತಡವರಿಸಲಿಲ್ಲ. ನಡುವೆ ನಕ್ಕಳು. ಹೊಳಲಿನ ನಮ್ಮ ಆಲೆಮನೆಯನ್ನು ನಾನು ಮೊದಲ ಸಲ ನೋಡಿದ್ದು ಮದ್ದೂರಿನ ಆ ಸ್ಟೂಲಿನ ಮೇಲೆ ಕೂತು.

ಮುಗಿಸಿ, “ಎಷ್ಟು ಕೊಡ್ತೀಯೇ ಮಾರ್ಕ್ಸು?” ಎಂದಳು.

“ನಂಗಿಂತ ಜಾಸ್ತಿ,” ಎಂದೆ. ಹೇಳುವಾಗಲೂ ಹೊಟ್ಟೆ ಉರಿಯುತ್ತಲೇ ಇತ್ತು, ನಿಮ್ಮ ಹತ್ತಿರ ಸುಳ್ಳು ಯಾಕೆ.