ಡೆಸಿಕೇಟ್ ಪದವೂ ನಮ್ಮ ಅಟ್ಟವೂ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾಗ ‘ಡೆಸಿಕೇಟ್’ ಎಂಬ ಇಂಗ್ಲಿಷ್ ಪದ ಎದುರಾಯಿತು. ಒಣಗಿಸುವುದು ಎಂದರ್ಥ, ಬಾಯಿಪಾಠ ಮಾಡಿ ಮುಂದೆ ಹೋಗಿ ಎಂದರು ತಿಪಟೂರಿನ ಕೋಚಿಂಗ್ ಮೇಷ್ಟ್ರು. ಅದುವರೆಗೆ ಹಾಗೇ ಮಾಡಿಕೊಂಡು ಬಂದಿದ್ದೆ. ಅವತ್ತು ರೇಗಿತು. ‘ಡ್ರೈ’ ಇರುವಾಗ ಇನ್ನೊಂದು ಪದ ಯಾಕೆ ಬೇಕು? ಹಟ ಹಿಡಿದು ಲೈಬ್ರರಿಯ ದಪ್ಪ ನಿಘಂಟು ತೆರೆದೆ. ಮೂಲ ಲ್ಯಾಟಿನ್. ‘ಸಿಕ್ಕುಸ್’ ಎಂದರೆ ಒಣಗಿದ್ದು, ಅದರ ಹಿಂದಿನ ‘ಡೆ’ ಎಂದರೆ ಪೂರ್ತಿಯಾಗಿ ಎಂದಿತ್ತು.

ಆ ‘ಪೂರ್ತಿ’ ಅರ್ಥವಾದದ್ದು ಅದೇ ವಾರ, ಮನೆಯಲ್ಲಿ. ಕೊಬ್ಬರಿಯಾಗಲೆಂದು ಅಟ್ಟಕ್ಕೆ ಹಾಕಿದ್ದ ತೆಂಗಿನಕಾಯಿಗಳ ಹೊರಗಿನ ನಾರಿನ ಮಟ್ಟೆ ನಾಲ್ಕೇ ತಿಂಗಳಿಗೆ ಗರಿಗರಿ ಒಣಗಿತ್ತು. ಕೊಬ್ಬರಿ ಆಗಿರಬೇಕೆಂದು ಒಂದನ್ನು ಸುಲಿದು ಒಡೆದೆ. ನೀರು ಮೈಮೇಲೆ ಚೆಲ್ಲಿತು.

ಅಮ್ಮ ಸಿಡುಕಿದಳು: “ಮಟ್ಟೆ ಒಣಗಿದ್ರೆ ಆಗೋಯ್ತೇನೇ? ಒಳಗಿನ್ ನೀರೆಲ್ಲಾ ಇಂಗಿ, ಅಲ್ಲಾಡ್ಸಿದ್ರೆ ಕೊಬ್ಬರಿ ಲೊಡಲೊಡ ಅನ್ಬೇಕು ಕಣೇ. ವರ್ಷ ಆಯ್ತದೆ. ಅಲ್ಲೀಗಂಟ ಮುಟ್‌ಬ್ಯಾಡ, ಬುಡು.”

ಒಳಗೆ ಹೋಗಿ ನೋಟ್‌ಬುಕ್ ತೆಗೆದೆ. ಪುಟಗಟ್ಟಲೆ ಬಾಯಿಪಾಠ ಮಾಡಿದ್ದ ಪದಗಳು. ಒಂದೊಂದನ್ನೂ ಕಾಯಿಯಂತೆ ಅಲ್ಲಾಡಿಸಿ ನೋಡಿದೆ. ಒಂದೂ ಸದ್ದು ಮಾಡಲಿಲ್ಲ. ಪೆನ್ನು ಹಿಡಿದು, ಈ ಸಲ ಒಂದೊಂದರ ಮೂಲ ಹುಡುಕಲೆಂದು, ಮೊದಲ ಪುಟದಿಂದ ಮತ್ತೆ ಶುರುಮಾಡಿದೆ.