ಮರಿ ಕಲ್ಯಾಣದ್ದು, ಮಡಿಲು ಡೊಂಬಿವಲಿಯದು

ಬೆಳಗಿನ ಜಾವ ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಮುಂಬಯಿ ಪಕ್ಕದ ಡೊಂಬಿವಲಿಯ ಆ ಚಾಳಿನಲ್ಲಿ ಮಲಗಿರುವವರು ಯಾರೂ ಇರುವುದಿಲ್ಲ. ಕೊಡಗಳ ಸಾಲು ಮೆಟ್ಟಿಲಿನವರೆಗೂ ಬಂದಿರುತ್ತದೆ. ಆ ಸಾಲಿನಲ್ಲಿ ನಿಂತಿರುವ ಒಬ್ಬನೇ ಗಂಡಸು ಕುಶಲ. ತುಂಬಿದ ಬಕೆಟ್ಟುಗಳನ್ನು ಅವನು ತನ್ನ ಖೋಲಿಯ ಮೂಲೆಯಲ್ಲಿರುವ ಡ್ರಮ್ಮಿಗೆ ಸುರಿಯುತ್ತಾನೆ. ಡ್ರಮ್ಮಿನಲ್ಲಿ ರಸ್ತೆ ಬದಿಯ ಬಾದಾಮಿ ಮರದ ಒಣಗಿದ ಎಲೆಗಳು ತೇಲುತ್ತಿವೆ. ನೀರು ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿದೆ. ನಲ್ಲಿ ನೀರಿನ ಬ್ಲೀಚಿಂಗ್ ವಾಸನೆ ಹೋಗಿ ಅದು ಮೀನಿಗೆ ಒಗ್ಗುವಂತಾಗಲು ಹೀಗೆ ಇಡೀ ದಿನ ಕಾಯಬೇಕು.

"ನಮಗ ಕುಡ್ಯಾಕ ನೀರ ಸಾಲೂದಿಲ್ಲ, ಇಂವ ನೋಡ್ರಿ, ಮೀನಿಗಿ ಕಷಾಯ ಮಾಡಿ ಕೊಡ್ತಾನ," ಎಂದು ಪಕ್ಕದ ಖೋಲಿಯ ಸಾಬವ್ವ ನಗುತ್ತಾಳೆ. ವಿಜಾಪುರದ ಕಡೆಯ ಈಕೆಯ ಗಂಡ ಲೋಡಿಂಗ್ ಕೆಲಸದವನು. ನಕ್ಕರೂ ಕುಶಲನ ಬಕೆಟ್ಟಿಗೆ ಸಾಲಿನಲ್ಲಿ ಜಾಗ ಬಿಡುವವಳು ಅವಳೇ.

ಒಳಗೆ ಗೋಡೆಗೆ ಆನಿಸಿಟ್ಟ ಗಾಜಿನ ಟ್ಯಾಂಕಿಗೆ ಸುತ್ತಲೂ ಹಳೆಯ ಪತ್ರಿಕೆ ಅಂಟಿಸಿದೆ. ಎದುರಿನ ಹಾಳೆಯಲ್ಲಿ ಮಾತ್ರ ಬೆರಳಗಲದ ಒಂದು ಕಿಂಡಿ. ಕುಶಲ ಉಸಿರು ಬಿಗಿಹಿಡಿದು ಅದಕ್ಕೆ ಕಣ್ಣಿಡುತ್ತಾನೆ. ಒಳಗಿರುವುದು ಡಿಸ್ಕಸ್ ಎಂಬ ಮೀನಿನ ಜೋಡಿ. ಹಪ್ಪಳವನ್ನು ನೆಟ್ಟಗೆ ನಿಲ್ಲಿಸಿದಂತೆ ಗುಂಡು, ಚಪ್ಪಟೆ. ಕಂದು ಮೈಮೇಲೆ ನೀಲಿ ಗೆರೆ, ಕೆಂಪು ಕಣ್ಣು. ದೂರದ ದೇಶದ ಮೀನು, ಸಣ್ಣ ಸದ್ದಿಗೂ ಬೆಚ್ಚುತ್ತದೆ, ಬೆಚ್ಚಿದರೆ ತಾನಿಟ್ಟ ಮೊಟ್ಟೆಯನ್ನೇ ತಿಂದು ಮುಗಿಸುತ್ತದೆ. ಈ ಬೆಳಿಗ್ಗೆ ಗಂಡಿನ ಮೈಗೆ ರೆಪ್ಪೆಯ ಕೂದಲಿನಷ್ಟು ಸಪೂರದ ಮರಿಗಳು ಮುತ್ತಿಕೊಂಡಿವೆ. ಮೊದಲ ವಾರಗಳಲ್ಲಿ ಈ ಮರಿಗಳ ಊಟವೆಂದರೆ ಅಪ್ಪ ಅಮ್ಮನ ಮೈಯಲ್ಲಿ ಒಸರುವ ಲೋಳೆ. ಒಬ್ಬರಿಗೆ ಸಾಕಾದಾಗ ಮೈ ಕೊಡವಿ ಇನ್ನೊಬ್ಬರ ಕಡೆಗೆ ದಾಟಿಸುತ್ತಾರೆ.

"ನೋಡಿ, ಹೇಗೆ ಅಂಟಿಕೊಂಡಿವೆ," ಎಂದು ಕುಶಲ ಪಿಸುಗುಡುತ್ತಾನೆ. ಅವನ ಮುಖ ನೋಡಿದರೆ ಮೊದಲ ಮೊಮ್ಮಗುವನ್ನು ಕಂಡ ಅಜ್ಜನೇ ಸರಿ. ಆದರೆ ಮರಿಗಳು ಅವನವಲ್ಲ. ಕಲ್ಯಾಣದ ರಮಾಕಾಂತರ ಮರಿಗಳು ಇವು.

ಎಲೆಮರೆಯ ಕಾಯಿಗಳ ಬಗ್ಗೆ ಬರೆಯುವವರು ಅವರನ್ನೆಲ್ಲ ಸಂತರ ಸಾಲಿನಲ್ಲಿ ಕೂರಿಸಿಬಿಡುವುದು ರೂಢಿ. ಕುಶಲನನ್ನು ಹಾಗೆ ಕೂರಿಸಲು ಬರುವುದಿಲ್ಲ. ಅವನಿಗೆ ಹೊಟ್ಟೆಕಿಚ್ಚಿದೆ, ಅದನ್ನು ಮುಚ್ಚಿಡುವ ಅಭ್ಯಾಸವಿಲ್ಲ. "ಅಸೂಯೆ ಉಂಟಾ ಅಂತ ಕೇಳ್ತೀರಾ? ಉಂಟು. ದಂಡಿಯಾಗಿ ಉಂಟು. ಬೇಕಾದ್ರೆ ಬರೀರಿ," ಎನ್ನುತ್ತಾನೆ. ಅವನ ಹೆಂಡತಿಯ ಹೆಸರು ಬಾಗಿ. ಅವಳು ಒಲೆಯ ಹತ್ತಿರದಿಂದಲೇ ಒಂದು ಮಾತು ಸೇರಿಸುತ್ತಾಳೆ: "ಒಲೆಗೆ ಬೇರೆ ಬೆಂಕಿ ಬೇಡ, ಇವರ ಹೊಟ್ಟೆಯಲ್ಲೇ ಅಷ್ಟು ಉಂಟು."

ಹೊಟ್ಟೆಕಿಚ್ಚು ಹುಟ್ಟಿದ್ದು ಹೋಟೆಲಿನಲ್ಲಿ. ಮೂಲ್ಕಿಯ ಹತ್ತಿರದ ಹಳ್ಳಿಯಿಂದ ಎಪ್ಪತ್ತರ ದಶಕದ ಆರಂಭದಲ್ಲಿ ಮೀಸೆ ಮೂಡುವ ಮೊದಲೇ ಥಾಣೆಗೆ ಬಂದ ಕುಶಲ, ಸ್ಟೇಷನ್ ಬಳಿಯ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುತ್ತಿದ್ದ. ಗಲ್ಲಾದ ಪಕ್ಕದಲ್ಲಿ ಧಣಿಗಳ ಮೀನಿನ ಟ್ಯಾಂಕು ಇತ್ತು. ಲೋಟ ತೊಳೆಯುವವನು ಆ ಗಾಜನ್ನೂ ತೊಳೆಯಲಿ ಎಂದು ಅದು ಅವನ ಪಾಲಿಗೆ ಬಂತು. ಗಿರಾಕಿಗಳು ಟ್ಯಾಂಕಿನ ಎದುರು ನಿಂತು ಧಣಿಗಳನ್ನು ಹೊಗಳುತ್ತಿದ್ದರು. "ಧಣಿಗಳಿಗೆ ಆ ಮೀನಿಗೆ ಎಂತ ಹಾಕ್ತಾರೆ ಅಂತ್ಲೂ ಗೊತ್ತಿರ್ಲಿಲ್ಲ. ನಾನು ಹಿಂದೆ ಬಸಿ ಹಿಡ್ಕೊಂಡು ನಿಂತು ಕೇಳ್ತಾ ಇದ್ದೆ, ತೊಳೆದ ಬಸಿಯನ್ನೇ ಮತ್ತೆ ಮತ್ತೆ ಉಜ್ತಾ ಇದ್ದೆ," ಎಂದು ನೆನೆಯುತ್ತಾನೆ.

ಈಗ ಅವನದು ಊರೂರು ತಿರುಗಿ ಮೀನಿನ ಟ್ಯಾಂಕು ತೊಳೆಯುವ ಕೆಲಸ. ಬಕೆಟ್ಟು, ರಬ್ಬರ್ ಪೈಪು, ಸ್ಪಂಜು ಹಿಡಿದು ಲೋಕಲ್ ರೈಲು ಹತ್ತುತ್ತಾನೆ. ಥಾಣೆಯ ಡಾಕ್ಟರರ ದವಾಖಾನೆ, ಕಲ್ಯಾಣದ ಫ್ಲ್ಯಾಟುಗಳು, ಬಸ್ಸು ಹಿಡಿದು ವಾಶಿಯ ಹೊಸ ಮನೆಗಳು. ಬಾಗಿಲು ತೆರೆದವರು ಅವನ ಬಕೆಟ್ಟು ನೋಡಿ ಮೊದಲು ನೆಲದ ಮೇಲೆ ಗೋಣಿ ಹಾಸುತ್ತಾರೆ, ಆಮೇಲೆ ಅವನನ್ನು ನೋಡುತ್ತಾರೆ. ಇಷ್ಟು ಜನರ ಮೀನಿಗೆ ಜೀವ ತೇಯ್ದವನಿಗೆ ತನ್ನದೆಂದು ಹೇಳಿಕೊಳ್ಳಲು ಏನಾದರೊಂದು ಬೇಕಿತ್ತು. ದೊಡ್ಡ ದೊಡ್ಡವರ ಟ್ಯಾಂಕಿನಲ್ಲೇ ಮರಿ ಮಾಡದ ಡಿಸ್ಕಸ್ ತನ್ನ ಖೋಲಿಯಲ್ಲಿ ಮರಿ ಮಾಡಬೇಕು ಎಂಬುದು ಅವನ ಹಟ. ಬಾಗಿಯ ಒಂದು ಚಿನ್ನದ ಬಳೆಯೂ ಅದಕ್ಕೆ ಹೋಯಿತು. ಅವಳು ಅದನ್ನು ಇಂದಿಗೂ ಮರೆತಿಲ್ಲ, ಅವನಿಗೆ ಮರೆಯಲು ಬಿಟ್ಟೂ ಇಲ್ಲ.

ಕೊನೆಗೊಮ್ಮೆ ಮರಿ ಎದ್ದವು. ಗಪ್ಪಿ, ಮೋಲಿಯಂಥ ಅಗ್ಗದ ಮೀನುಗಳನ್ನು ಸಾಕಿ ಕಲಿತವನ ಪಾಠ ಒಂದೇ: ಮರಿ ಕಂಡ ಕೂಡಲೇ ಬೇರೆ ಮಾಡಬೇಕು, ಇಲ್ಲವಾದರೆ ಹೆತ್ತವೇ ತಿನ್ನುತ್ತವೆ. ಇಲ್ಲಿ ನೋಡಿದರೆ ಮರಿಗಳೇ ಅಪ್ಪನ ಮೈ ಕೀಳುತ್ತಿವೆ, ಅಪ್ಪ ಕಪ್ಪಗಾಗಿದೆ. ಕುಶಲ ಹೆದರಿ ಮರಿಗಳನ್ನೆಲ್ಲ ಬಾಚಿ ಬೋಗುಣಿಗೆ ಹಾಕಿದ, ಮೊಟ್ಟೆಯ ಹಳದಿಯನ್ನು ಅರೆದು ಕೊಟ್ಟ. ಒಂದೂ ಉಳಿಯಲಿಲ್ಲ. ಅಂದಿನಿಂದ ಆ ಜೋಡಿ ಇಟ್ಟ ಮೊಟ್ಟೆಯನ್ನೆಲ್ಲ ತಿಂದು ಹಾಕತೊಡಗಿತು. "ನಾನೇ ಕಲಿಸಿದ್ದು. ಹೇಗೂ ಈ ಮನುಷ್ಯ ಬಂದು ಬಾಚ್ತಾನೆ, ಅದಕ್ಕಿಂತ ನಾವೇ ತಿಂದ್ರೆ ಒಳ್ಳೇದು ಅಂತ ತೋರಿರ್ಬೇಕು ಅವಕ್ಕೆ."

ಅವನ ಬಳಿ ಇನ್ನೊಂದು ಹೆಣ್ಣು ಮೀನಿತ್ತು. ಯಾವ ಗಂಡೂ ಹತ್ತಿರ ಸೇರಿಸದ ಹೆಣ್ಣು. ಅದು ಉಪಯೋಗಕ್ಕಿಲ್ಲ ಎಂದು ರಮಾಕಾಂತರಿಗೆ ಕೊಟ್ಟುಬಿಟ್ಟ. ಕುಮಟಾ ಕಡೆಯ ರಮಾಕಾಂತರು ಥಾಣೆಯ ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್, ವಾರಕ್ಕೊಮ್ಮೆ ಕುಶಲ ಅವರ ಟ್ಯಾಂಕು ತೊಳೆಯುತ್ತಾನೆ. ಒಳ್ಳೆಯ ಮನುಷ್ಯ. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಸಮಾಧಾನ ಪಡಬಹುದಿತ್ತು, ಆ ಭಾಗ್ಯವೂ ಕುಶಲನಿಗಿಲ್ಲ. ಅವನು ಬೇಡವೆಂದು ಕೊಟ್ಟ ಹೆಣ್ಣು ಅವರ ಗಂಡಿನ ಜೊತೆ ಸೇರಿ ಮೊದಲ ಸಲಕ್ಕೇ ಟ್ಯಾಂಕು ತುಂಬ ಮರಿ ಮಾಡಿತು.

ರಮಾಕಾಂತರು ಕಾರ್ಖಾನೆಯ ಗೆಳೆಯರನ್ನು ಕರೆಸಿ ಪೇಢಾ ಹಂಚಿದರು. ಅಂದು ನೀರು ಬದಲಿಸಲು ಕುಶಲನೂ ಅಲ್ಲೇ ಇದ್ದ. "ಇಂವ ನಮ್ಮ ಟ್ಯಾಂಕ್ ತೊಳಿಯೋ ಹುಡುಗ," ಎಂದು ಅವರು ಪ್ರೀತಿಯಿಂದಲೇ ಪರಿಚಯಿಸಿದರು. ಹುಡುಗನಿಗೆ ಮೂವತ್ತು ದಾಟಿತ್ತು.

"ಹೆಣ್ಣು ಕೊಟ್ಟವ ನಾನು, ನೀರು ಹದ ಮಾಡಿದವ ನಾನು, ಮರಿ ಅವರದ್ದು," ಎನ್ನುವಾಗ ಕುಶಲನ ದನಿ ಈಗಲೂ ಬಿಸಿಯಾಗುತ್ತದೆ. "ಆ ಪೇಢಾ ಉಂಟಲ್ಲ, ಬಾಯಿಗೇ ಹಾಕ್ಲಿಲ್ಲ. ರೈಲಿನಲ್ಲಿ ಬರುವಾಗ ಕಿಟಕಿಯಿಂದ ಬಿಸಾಡಿದೆ." ಮನೆಗೆ ಬಂದವನೇ ತನ್ನ ಜೋಡಿಗೆ ಬಾಯಿಗೆ ಬಂದಂತೆ ಬೈದನಂತೆ. ಬಾಗಿ ತನಗೇ ಬೈದದ್ದೆಂದು ತಿಳಿದು ತುಳುವಿನಲ್ಲಿ ತಿರುಗಿಸಿ ಕೊಟ್ಟಳಂತೆ.

ಅದೇ ವಾರ ರಮಾಕಾಂತರು ತಂಗಿಯ ಮದುವೆಗೆ ಮನೆಮಂದಿಯೊಡನೆ ಊರಿಗೆ ಹೊರಟರು. ಹೊರಡುವಾಗ ಬೀಗದ ಕೈ ಕುಶಲನ ಕೈಗಿಟ್ಟು, "ಮರಿ ನೋಡ್ಕ ಮಾರಾಯಾ, ನಿನ್ನ ಬಿಟ್ರೆ ಯಾರ ಮೇಲೂ ನಂಬಿಗಿ ಇಲ್ಲ," ಎಂದರು. ನಂಬಿಕೆ ಎಂಬುದು ಕೆಲವೊಮ್ಮೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತದೆ.

ಮರುದಿನ ಬೀಗ ತೆಗೆದು ನೋಡಿದರೆ ಟ್ಯಾಂಕಿನಲ್ಲಿ ಯುದ್ಧ. ಮರಿಗಳು ತನ್ನ ಮೈಮೇಲೇ ಇರಬೇಕೆಂದು ಗಂಡಿಗೆ ಹಟ, ಹೆಣ್ಣಿಗೂ ಅದೇ ಹಟ. ಮರಿ ಆ ಕಡೆ ಹೋದರೆ ಇದು ನುಗ್ಗುತ್ತದೆ, ಈ ಕಡೆ ಬಂದರೆ ಅದು ನುಗ್ಗುತ್ತದೆ. ಹೆಣ್ಣಿನ ಈಜುರೆಕ್ಕೆ ಹರಿದಿತ್ತು. ನಡುವೆ ಚದುರಿದ ಮರಿಗಳನ್ನು ಎರಡೂ ಸಿಟ್ಟಿನಲ್ಲಿ ನುಂಗತೊಡಗಿದ್ದವು.

ಕುಶಲ ಸ್ಟೂಲು ಎಳೆದು ಕುಳಿತ. "ಸುಳ್ಳು ಯಾಕೆ ಹೇಳ್ಲಿ, ಒಳಗೆ ತಣ್ಣಗಾಯ್ತು. ನಾನು ಎಂತದೂ ಮಾಡ್ಲಿಲ್ಲ ಅಂದ್ರೆ ಸಂಜೆಯೊಳಗೆ ಎಲ್ಲ ಮುಗೀತಿತ್ತು. ಯಾರೂ ಕೇಳ್ಲಿಕ್ಕಿಲ್ಲ. ಮೀನು ಸತ್ತದ್ದಕ್ಕೆ ಪೊಲೀಸರು ಬರ್ತಾರಾ?" ಆಮೇಲೆ ಎರಡು ಮೀನುಗಳ ಮುಖ ನೋಡಿದನಂತೆ. ತನಗೇ ಬೇಕೆನ್ನುವ ಉರಿಯಲ್ಲಿ ತಮ್ಮದನ್ನೇ ನುಂಗುತ್ತಿದ್ದ ಆ ಬಾಯಿಗಳನ್ನು ನೋಡಿ ಅವನಿಗೆ ನಾಚಿಕೆಯಾಯಿತು. "ಅಲ್ಲಿ ಮೂರನೇ ಮೀನಾಗಿ ಕೂತಿದ್ದೆ ನಾನು," ಎನ್ನುತ್ತಾನೆ.

ಬೇರೆ ಟ್ಯಾಂಕಿಗೆ ಹಾಕಿದರೆ ಲೋಳೆಯಿಲ್ಲದೆ ಮರಿ ಸಾಯುತ್ತವೆ, ಆ ಪಾಠವನ್ನು ಅವನು ಒಮ್ಮೆ ಕಲಿತಾಗಿತ್ತು. ಆಗ ನೆನಪಾದದ್ದು ತನ್ನ ಜೋಡಿ. ಅದೂ ಅದೇ ವಾರ ಮೊಟ್ಟೆಯಿಟ್ಟು, ಎಂದಿನಂತೆ ತಿಂದು ಮುಗಿಸಿತ್ತು. ಆದರೆ ಮರಿ ಬರುತ್ತವೆಂದು ಸಜ್ಜಾದ ಮೈ ಇನ್ನೂ ಕಪ್ಪಗೆ, ಲೋಳೆಲೋಳೆಯಾಗಿಯೇ ಇತ್ತು. ಎರಡೂ ಮನೆಯ ನೀರಿನ ಹದ ಒಂದೇ, ಎರಡೂ ಅವನ ಕೈಯದೇ. ಉಳಿದ ಮರಿಗಳನ್ನು ಪೈಪಿನಲ್ಲಿ ಮೆಲ್ಲಗೆ ಎಳೆದು ರಮಾಕಾಂತರ ಮನೆಯ ಹಾಲಿನ ಕ್ಯಾನಿಗೆ ಇಳಿಸಿದ. ಟವೆಲ್ ಸುತ್ತಿ, ಎದೆಗವಚಿ, ನೂಕುನುಗ್ಗಲಿನ ಲೋಕಲಿನಲ್ಲಿ ಬಾಗಿಲ ಬಳಿ ನಿಂತು ಡೊಂಬಿವಲಿಗೆ ಬಂದ. "ಕ್ಯಾನ್ ನೀಚೆ ರಖೋ ಭಾಯ್," ಎಂದು ಕೆಳಗಿಡಲು ಹೇಳಿದವರ ಮಾತು ಅವನ ಕಿವಿಗೆ ಬೀಳಲಿಲ್ಲ.

ಮರಿಗಳನ್ನು ಟ್ಯಾಂಕಿಗೆ ಬಿಟ್ಟಾಗ ಗಂಡು ಬಾಣದಂತೆ ನುಗ್ಗಿತು. ಮುಗಿಯಿತು ಎಂದು ಕುಶಲ ಕಣ್ಣು ಮುಚ್ಚಿದ. ಕಿಂಡಿಯಲ್ಲಿ ಕಣ್ಣಿಟ್ಟು ನೋಡಿದವಳು ಬಾಗಿ. "ಬೈಯಬೇಡಿ ಇನ್ನು ಅವಕ್ಕೆ," ಎಂದಳು. "ಮೈ ಕೊಡ್ತಾ ಉಂಟು ಅದು." ಗಂಡು ಓರೆಯಾಗಿ ನಿಂತಿತ್ತು, ಮರಿಗಳು ಒಂದೊಂದಾಗಿ ಅದರ ಪಕ್ಕೆಗೆ ಅಂಟಿಕೊಳ್ಳುತ್ತಿದ್ದವು. ಸ್ವಲ್ಪ ಹೊತ್ತಿಗೆ ಹೆಣ್ಣೂ ಬಂತು. ಜಗಳವಿಲ್ಲದೆ ಹಂಚಿಕೊಂಡವು.

ಇಷ್ಟಾದ ಮೇಲೆ ಕುಶಲನ ತಲೆಯಲ್ಲಿ ಹೊಸ ಹುಳ ಹೊಕ್ಕಿತು. ಮರಿಗಳೆಲ್ಲ ಸತ್ತವೆಂದು ರಮಾಕಾಂತರಿಗೆ ಹೇಳಿದರೆ ಮರಿ ತನ್ನದಾಗುತ್ತದೆ. ಕಲ್ಯಾಣದ ಟ್ಯಾಂಕಿನಲ್ಲಿ ಒಂದು ಮರಿಯೂ ಇಲ್ಲ, ಹೆಣ್ಣಿನ ರೆಕ್ಕೆ ಹರಿದಿದೆ, ಅನುಮಾನಕ್ಕೆ ಎಡೆಯಿಲ್ಲ. ಮಾತನ್ನೂ ಜೋಡಿಸಿಟ್ಟುಕೊಂಡ. ಆದರೆ ಅವನ ಹೊಟ್ಟೆಕಿಚ್ಚೇ ಅವನಿಗೆ ಅಡ್ಡ ಬಂತು. "ಸತ್ತವು ಅಂತ ಹೇಳಿದ್ರೆ ಮರಿ ಸಿಗ್ತದೆ ಸರಿ. ಅವರ ಜೋಡಿ ಕಚ್ಚಾಡಿದಲ್ಲಿ ನನ್ನ ಜೋಡಿ ಸಾಕಿತು ಅಂತ ಮತ್ತೆ ಯಾರಿಗೆ ಹೇಳೋದು? ಅದನ್ನು ಅವರಿಗೆ ತೋರಿಸದೆ ಇದ್ರೆ ನಂಗೆ ನಿದ್ದೆ ಬರ್ಲಿಕ್ಕುಂಟಾ?" ಸತ್ಯವಂತರಾಗಲು ಜನರಿಗೆ ನಾನಾ ಕಾರಣಗಳಿರುತ್ತವೆ, ಕುಶಲನ ಕಾರಣ ಇದು.

ಊರಿಂದ ಬಂದ ದಿನವೇ ಕುಶಲನಿಂದ ಎಲ್ಲ ಕೇಳಿ ರಮಾಕಾಂತರು ಚಾಳಿಗೆ ಬಂದರು. ಕುಶಲನ ಖೋಲಿಗೆ ಅವರು ಬಂದದ್ದು ಅದೇ ಮೊದಲು. ಬಾಗಿ ಸ್ಟೂಲು ಒರೆಸಿ ಇಟ್ಟಳು, ಅವರು ಕೂರಲಿಲ್ಲ. ಕಿಂಡಿಗೆ ಕಣ್ಣಿಟ್ಟವರು ಹಾಗೆಯೇ ಬಗ್ಗಿ ನಿಂತರು. ಕೈಗೆ ಕೊಟ್ಟ ಚಹಾದ ಮೇಲೆ ಕೆನೆ ಕಟ್ಟಿತು. ಸಾಬವ್ವ ಬಾಗಿಲಿಗೆ ಬಂದು, "ಯಾರ್ರೀ ಇವರು?" ಎಂದು ಕೇಳಿದ್ದೂ ಅವರಿಗೆ ಕೇಳಿಸಲಿಲ್ಲ. ಬಹಳ ಹೊತ್ತಿನ ಮೇಲೆ ನೆಟ್ಟಗಾಗಿ, "ನನ್ನ ಮೀನಿನ ಮೈಮೇಲೆ ಇವು ಹೀಂಗೆ ಕೂತದ್ದೇ ಇಲ್ಲ," ಎಂದರು. ದನಿ ಸಪ್ಪಗಿತ್ತು. ಮತ್ತೆ ಕಿಂಡಿಯತ್ತ ತಿರುಗಿ, "ಕುಶಲಾ, ಈ ಜೋಡಿ ನನಗೆ ಕೊಡ್ತ್ಯನಾ?" ಎಂದು ಕೇಳಿದರು.

ಆ ದನಿಯ ಗುರುತು ಕುಶಲನಿಗೆ ಚೆನ್ನಾಗಿ ಇತ್ತು. ಬಸಿ ಹಿಡಿದು ನಿಂತ ಕಾಲದಿಂದ ಅದು ಅವನದೇ ದನಿ. "ಜೋಡಿ ಕೊಡ್ಲಿಕ್ಕಿಲ್ಲ ಸಾಹೇಬ್ರೇ," ಎಂದ. "ಮರಿ ನಿಮ್ಮದೇ. ಮೈ ಬಿಟ್ಟು ಬೇರೆ ತಿನ್ಲಿಕ್ಕೆ ಕಲಿತ ಮೇಲೆ ನಾನೇ ತಂದು ಬಿಡ್ತೇನೆ." ಅಂದು ಅವನು ಎರಡು ಸಲ ಅನ್ನ ಹಾಕಿಸಿಕೊಂಡ ಎಂದು ಬಾಗಿ ಸಾಕ್ಷಿ ಹೇಳುತ್ತಾಳೆ.

ಅಂದಿನಿಂದ ರಮಾಕಾಂತರು ಸಂಜೆ ಬಿಡುವಾದಾಗಲೆಲ್ಲ ಕಲ್ಯಾಣದಿಂದ ಬರುತ್ತಾರೆ, ಕಿಂಡಿಯಲ್ಲಿ ನೋಡುತ್ತಾರೆ, ಚಹಾ ಆರಲು ಬಿಡುತ್ತಾರೆ, ಹೋಗುತ್ತಾರೆ. ಹಿಂದಿನ ಸಲ ಒಬ್ಬ ಗೆಳೆಯನನ್ನೂ ಕರೆತಂದಿದ್ದರು. "ಇದು ಕುಶಲನ ಜೋಡಿ," ಎಂದು ತೋರಿಸಿದರಂತೆ. ಹುಡುಗ ಎಂಬ ಮಾತು ಬರಲಿಲ್ಲ.

ಇಷ್ಟೆಲ್ಲ ಆದ ಮೇಲೆ ಇನ್ನೇನು ಆಸೆ ಎಂದು ಕೇಳಿದರೆ ಕುಶಲ ಖಾಲಿ ಬಕೆಟ್ಟುಗಳನ್ನು ಒಂದರೊಳಗೊಂದು ಸೇರಿಸಿ, ಪೈಪು ಸುತ್ತಿ ಹೆಗಲಿಗೆ ಹಾಕಿಕೊಳ್ಳುತ್ತಾನೆ. ಥಾಣೆಯ ದವಾಖಾನೆಯ ಗಾಜು ಕಾಯುತ್ತಿದೆ. ಬಾಗಿಲು ದಾಟುವ ಮುನ್ನ ಮತ್ತೊಮ್ಮೆ ಕಿಂಡಿಗೆ ಕಣ್ಣಿಡುತ್ತಾನೆ.

"ದೊಡ್ಡ ಆಸೆ ಎಂತದೂ ಇಲ್ಲ," ಎನ್ನುತ್ತಾನೆ. "ಈ ಮರಿ ಸ್ವಲ್ಪ ನಿಧಾನ ಬೆಳೆದ್ರೆ ಸಾಕು."